ಮತ್ತು ಸಂಗಡಿಗರು

ಶಶಿರೇಖಾ ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದದ್ದು 2011ರ ಶ್ರಾವಣದಲ್ಲಿ. ಆಗ ಅವರಿಗೆ ಐವತ್ತು ವರ್ಷ. ಪೀಣ್ಯದ ಲೇತ್ ಶಾಪ್ ಒಂದರಲ್ಲಿ ಕೆಲಸಕ್ಕಿದ್ದ ಗಂಡ ಸುಬ್ರಮಣಿ ಹಿಂದಿನ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿ ಆರನೆಯ ದಿನ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಟಿ. ದಾಸರಹಳ್ಳಿಯ ಮನೆಯಲ್ಲಿ ಒಬ್ಬರೇ ಇರಲಾಗದೆ ಆರ್.ಟಿ. ನಗರಕ್ಕೆ ಬಂದರು. ಇಲ್ಲಿಯೂ ಒಬ್ಬರೇ ಇದ್ದರು.

ನಾನು ಹತ್ತಿರದ ಶಾಲೆಯಲ್ಲಿ ಪಾಠ ಹೇಳುವವಳು. ಅವರು ನನ್ನನ್ನು ‘ಸರಳಾ ಟೀಚರ್’ ಎಂದೇ ಕರೆಯುತ್ತಿದ್ದರು. ಮೊದಮೊದಲು ನಮ್ಮ ಮಾತೆಲ್ಲ ನೀರು ಬಂತಾ, ಕರೆಂಟ್ ಹೋಯ್ತಾ ಅನ್ನುವಷ್ಟೇ. ಇಲ್ಲಿ ನಾನು ಬರೆಯುತ್ತಿರುವುದು ಆಮೇಲಿನ ವರ್ಷಗಳಲ್ಲಿ ತಾರಸಿಯ ಮೇಲೆ ಬಟ್ಟೆ ಹರವುತ್ತಲೋ ಸಂಡಿಗೆ ಕಾಯುತ್ತಲೋ ಅವರು ತುಂಡು ತುಂಡಾಗಿ ಹೇಳಿದ್ದು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವಾಗ ಬದಲಿಸುತ್ತಿರಲಿಲ್ಲ. ಅದರಿಂದ ನಂಬಿ ಬರೆಯುತ್ತಿದ್ದೇನೆ.

ಅವರು ಹುಣಸಮಾರನಹಳ್ಳಿಯವರು. ತಂದೆ ಲಕ್ಕಣ್ಣನವರಿಗೆ ರಾಗಿ ಹೊಲ, ದ್ರಾಕ್ಷಿ ತೋಟ, ಜೊತೆಗೆ ಭಜನೆಯ ಹುಚ್ಚು. ಮಗಳಿಗೆ ಬಂದ ಸಂಗೀತವೆಲ್ಲ ಆ ಭಜನೆಯಲ್ಲಿ ಬಂದದ್ದೇ. ಮದುವೆಯಾಗಿ ದಾಸರಹಳ್ಳಿಗೆ ಬಂದ ಮೇಲೆ ಅಲ್ಲಿನ ರಾಮನವಮಿಯ ಪೆಂಡಾಲಿನಲ್ಲಿ ಹಾಡಿದ್ದನ್ನು ವಾಸು ಎಂಬವರು ಕೇಳಿದರು. ವಾಸು ಯಶವಂತಪುರದಲ್ಲಿದ್ದ ‘ನಂದಿದುರ್ಗ ಕ್ಯಾಸೆಟ್ಸ್’ ಎಂಬ ಸಣ್ಣ ಕಂಪನಿಯ ರೆಕಾರ್ಡಿಂಗ್ ಇಂಜಿನಿಯರ್. ದೇವರ ಹಾಡು, ಜನಪದ, ಜಾತ್ರೆಯ ಹಾಡು ಆ ಕಂಪನಿಯ ವ್ಯಾಪಾರ. ಕೋರಸ್‌ಗೆ ಹೆಂಗಸರು ಬೇಕಾಗಿದ್ದರು. ಹೀಗೆ 1986ರಿಂದ ಹನ್ನೊಂದು ವರ್ಷ ಶಶಿರೇಖಾ ಅಲ್ಲಿ ಕೋರಸ್ ಹಾಡಿದರು.

ಕೋರಸ್‌ನಲ್ಲಿ ನಾಲ್ವರು. ಮುಖ್ಯ ಗಾಯಕಿ ಚರಣ ಹಾಡಿ ನಿಲ್ಲಿಸಿದಲ್ಲಿ ಇವರು ಪಲ್ಲವಿಯ ಎರಡು ಸಾಲು ಹಾಡಬೇಕು. ಅವರ ಪಕ್ಕ ನಿಲ್ಲುತ್ತಿದ್ದವಳು ಮುಸರ್ರತ್. ಓಣಿಯ ಮನೆಯಲ್ಲಿ ಬ್ಲೌಸ್ ಹೊಲಿಯುತ್ತ, ರೇಡಿಯೋ ಕೇಳುತ್ತ ಹಾಡು ಕಲಿತವಳು. ಇಬ್ಬರದೂ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ದನಿ. ಕಂಪನಿಯ ಯಜಮಾನರಾಗಿದ್ದ ಮುನಿನಾರಾಯಣಪ್ಪನವರು ಇಬ್ಬರನ್ನೂ ಒಂದೇ ಮೈಕಿನ ಮುಂದೆ ನಿಲ್ಲಿಸುತ್ತಿದ್ದರು. ಮುಸರ್ರತ್‌ಗೆ ‘ಳ’ ಅಕ್ಷರ ತೊಡಕು. ಬಾಳು ಅನ್ನುವಲ್ಲಿ ಬಾಲು ಆಗುತ್ತಿತ್ತು. ಶಶಿರೇಖಾ ಬಿಡುವಿನಲ್ಲಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ನಾಲಗೆ ಎಲ್ಲಿ ಮಡಚಬೇಕೆಂದು ಬಾಯಿ ತೆರೆದು ತೋರಿಸುತ್ತಿದ್ದರು. ಅವಳು ಮನೆಯಿಂದ ತಂದ ಶ್ಯಾವಿಗೆ, ಇವರು ತಂದ ಅವರೆಕಾಳು ಉಪ್ಪಿಟ್ಟು ಅದೇ ಮೆಟ್ಟಿಲ ಮೇಲೆ ಹಂಚಿ ತಿನ್ನುತ್ತಿದ್ದರು.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮುಖ್ಯ ಗಾಯಕಿಯ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ಇವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಅದಕ್ಕೆ ಬೇಸರವಿತ್ತೇ ಎಂದು ನಾನು ಕೇಳಿದ್ದೆ.

“ಬೇಸರ ಯಾಕೆ ಟೀಚರ್? ನಂಗೆ ಒಂದು ಹಾಡಿತ್ತಲ್ಲ. ಅದೊಂದು ಸಾಕಾಗಿತ್ತು,” ಎಂದರು.

ಆ ಹಾಡಿನ ಕತೆ ಹೀಗೆ. 1994ರಲ್ಲಿ ಗಂಗಮ್ಮ ದೇವಿಯ ಮೇಲೆ ಒಂದು ಕ್ಯಾಸೆಟ್ ತಯಾರಾಗುತ್ತಿತ್ತು. ‘ಏರಿ ಮೇಲಿನ ತಾಯಿ ಗಂಗಮ್ಮ, ನೀರಿಗೆ ಕಾವಲು ನೀನಮ್ಮ’ ಎಂಬ ಹಾಡಿನ ದಿನ ಮುಖ್ಯ ಗಾಯಕಿಗೆ ಗಂಟಲು ಕಟ್ಟಿ ಬರಲಾಗಲಿಲ್ಲ. ಎಲ್ಲರೂ ಅವರನ್ನು ಮೇಡಮ್ ಎನ್ನುತ್ತಿದ್ದರು. ವಾದ್ಯದವರು ಬಂದು ಕೂತಾಗಿತ್ತು. ಯಾರಾದರೂ ಸದ್ಯಕ್ಕೆ ಹಾಡಿಬಿಟ್ಟರೆ ವಾದ್ಯ ರೆಕಾರ್ಡ್ ಮಾಡಿಕೊಂಡು, ಆಮೇಲೆ ಮೇಡಮ್ ಬಂದಾಗ ಅವರ ದನಿ ಸೇರಿಸಬಹುದು. ಹಾಗೆ ತಾತ್ಕಾಲಿಕವಾಗಿ ಹಾಡುವುದಕ್ಕೆ ‘ಟ್ರ್ಯಾಕ್’ ಅನ್ನುತ್ತಾರೆ. ಮುನಿನಾರಾಯಣಪ್ಪನವರು ಶಶಿರೇಖಾ ಕಡೆ ಕೈ ತೋರಿಸಿದರು. ಅವರು ಇಡೀ ಹಾಡನ್ನು ಒಂದೇ ಸಲಕ್ಕೆ ಹಾಡಿ, ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕೆಂದು ಓಡಿದರು. ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ.

ಮೇಡಮ್ ಗಂಟಲು ಹದಿನೈದು ದಿನವಾದರೂ ಸರಿಹೋಗಲಿಲ್ಲ. ಜಾತ್ರೆಗಳ ಕಾಲ ಹತ್ತಿರ ಬಂತು. ಹೊದಿಕೆಗಳು ಮೇಡಮ್ ಹೆಸರಿನಲ್ಲಿ ಅಚ್ಚಾಗಿ ಬಂದು ಬಿದ್ದಿದ್ದವು. ಕೊನೆಗೆ ಟ್ರ್ಯಾಕ್ ದನಿಯನ್ನೇ ಉಳಿಸಿ ಕ್ಯಾಸೆಟ್ ಬಿಟ್ಟರು. ಆ ಹಾಡು ಯಾರೂ ಎಣಿಸದಷ್ಟು ಓಡಿತು. ಯಲಹಂಕದಿಂದ ದೊಡ್ಡಬಳ್ಳಾಪುರದವರೆಗೆ ಪ್ರೈವೇಟ್ ಬಸ್ಸುಗಳಲ್ಲಿ, ಊರ ಹಬ್ಬಗಳಲ್ಲಿ, ಟೆಂಪೊಗಳಲ್ಲಿ ಎಲ್ಲೆಲ್ಲೂ ಅದೇ. ಮೇಡಮ್ ಕೂಡ ಏನೂ ಹೇಳಲಿಲ್ಲ. ಶಶಿರೇಖಾ ಯಾರಿಗೂ ಹೇಳಲಿಲ್ಲ, ಗಂಡನೊಬ್ಬನಿಗೆ ಬಿಟ್ಟು.

ಸುಬ್ರಮಣಿ ಅದನ್ನು ಎದೆಯಲ್ಲಿಟ್ಟುಕೊಂಡರು. ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಎಲ್ಲಾದರೂ ಆ ಹಾಡು ಕೇಳಿಸಿದರೆ ಕಾಲು ಊರಿ ನಿಲ್ಲುತ್ತಿದ್ದರು. “ನಿಂದು ಬಂತು,” ಎನ್ನುತ್ತಿದ್ದರು, ಅಷ್ಟೇ. ಹಾಡು ಮುಗಿದ ಮೇಲೆ ಪೆಡಲ್ ತುಳಿಯುತ್ತಿದ್ದರು. ಮೊಬೈಲ್ ಬಂದ ಕಾಲಕ್ಕೆ ಅದನ್ನೇ ರಿಂಗ್‌ಟೋನ್ ಮಾಡಿಕೊಂಡರು. ಆಸ್ಪತ್ರೆಯಲ್ಲಿ ಕೊನೆಯ ಎರಡು ದಿನ ಫೋನನ್ನು ಕಿವಿಯ ಹತ್ತಿರ ಇಡಿಸಿಕೊಂಡು ಕೇಳಿದರು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ನೀನು ಹಾಡು ಎಂದು ಗಂಡ ಕೇಳಲಿಲ್ಲ, ಫೋನಿನದ್ದೇ ಸಾಕಾಯಿತು.

2013ರಲ್ಲಿ ವಾಸು ಎಲ್ಲಿಂದಲೋ ನಂಬರ್ ಹುಡುಕಿ ಫೋನ್ ಮಾಡಿದರು. ಮುನಿನಾರಾಯಣಪ್ಪನವರು ತೀರಿಕೊಂಡಿದ್ದರು. ಮಗ ಶಿವರಾಮ್ ಕಂಪನಿಯ ಹಳೆಯ ಸ್ಪೂಲು, ಕ್ಯಾಸೆಟ್ಟು, ವಿಡಿಯೋ ಟೇಪು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುತ್ತಿದ್ದರು. ಇಂಟರ್‌ನೆಟ್ಟಿನಲ್ಲಿ ಬಿಡಬೇಕು, ಕಾಲರ್ ಟ್ಯೂನ್ ಕೊಡಬೇಕು.

“ಹಾಕೋದೇನೋ ಹಾಕ್ತಿದೀವಿ ಶಶಿಯವ್ರೇ,” ಎಂದರು ವಾಸು. “ಯಾವ ಹಾಡು ಯಾರದ್ದು ಅಂತ ಹೇಳೋರಿಲ್ಲ. ಅರ್ಧ ಡಬ್ಬಕ್ಕೆ ಲೇಬಲ್ಲೇ ಇಲ್ಲ. ನಂಗೂ ಕಿವಿ ಮೊದಲಿನ ಹಾಗಿಲ್ಲ. ದನಿ ಕೇಳಿ ಹೆಸರು ಹೇಳೋರು ನೀವೇ ಉಳಿದಿರೋದು.”

“ನಂಗೆ ಕಂಪ್ಯೂಟರ್ ಬರಲ್ಲ ವಾಸಣ್ಣ.”

“ನಂಗೂ ಬರ್ತಿರ್ಲಿಲ್ಲ. ಬನ್ನಿ.”

ಮರುವಾರದಿಂದ ಅವರು ದಿನಾ ಬೆಳಗ್ಗೆ ಮೇಖ್ರಿ ಸರ್ಕಲ್ಲಿನ ಮೇಲೆ ಹಾದು ಯಶವಂತಪುರಕ್ಕೆ ಹೋಗತೊಡಗಿದರು. ಸ್ಟುಡಿಯೋ ಇದ್ದ ಕಟ್ಟಡದ ಕೆಳಗೆ ಈಗ ಟೈಲ್ಸ್ ಅಂಗಡಿ. ಮೇಲೆ ಹಾಡುವ ಕೋಣೆಯನ್ನು ಗಾಜಿನಿಂದ ಎರಡಾಗಿ ಒಡೆದು, ಒಂದರಲ್ಲಿ ವಾಸು ಟೇಪ್ ಓಡಿಸುತ್ತಿದ್ದರು, ಇನ್ನೊಂದರಲ್ಲಿ ಇವರು. ಕಿವಿಗೆ ದೊಡ್ಡ ಹೆಡ್‌ಫೋನ್, ಮುಂದೆ ಪರದೆ. ಬೆಳಗಿನಿಂದ ಸಂಜೆವರೆಗೆ ಹಾಡು ಕೇಳುವುದು, ಖಾನೆಗಳನ್ನು ತುಂಬುವುದು: ಹಾಡಿನ ಮೊದಲ ಸಾಲು, ಗಾಯಕರು, ರಚನೆ, ಸಂಗೀತ, ವರ್ಷ. ಮಾತಾಡುವವರು ಯಾರೂ ಇರಲಿಲ್ಲ. ಆ ಹೆಡ್‌ಫೋನ್ ಹಾಕಿಕೊಂಡರೆ ಹೊರಗಿನ ಮೆಟ್ರೋ ಕೆಲಸದ ಗದ್ದಲವೂ ಕೇಳಿಸುತ್ತಿರಲಿಲ್ಲ. ಊಟದ ಹೊತ್ತಿಗೆ ತೆಗೆದರೆ ಕಿವಿಯೊಳಗೆ ಖಾಲಿ ಖಾಲಿ ಅನಿಸುತ್ತಿತ್ತಂತೆ.

ಪರದೆಯ ಮೇಲ್ಗಡೆ ಹುಡುಕುವ ಪಟ್ಟಿಯೊಂದಿತ್ತು. ಅದರಲ್ಲಿ ಹೆಸರು ಹೊಡೆದರೆ ಆ ಹೆಸರಿನವರು ಹಾಡಿದ್ದೆಲ್ಲ ಸಾಲಾಗಿ ಬರುತ್ತಿತ್ತು. ಮೊದಲ ದಿನವೇ ವಾಸು ಮೇಡಮ್ ಹೆಸರು ಹೊಡೆದು ತೋರಿಸಿದರು. ಮುನ್ನೂರ ಹನ್ನೆರಡು ಹಾಡು. ವಾಸು ಆಚೆ ಹೋದ ಮೇಲೆ ಶಶಿರೇಖಾ ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರು ಹೊಡೆದರು. ಸೊನ್ನೆ. ಕನ್ನಡದಲ್ಲಿ ಹೊಡೆದರು, ಇಂಗ್ಲಿಷಿನಲ್ಲಿ ಹೊಡೆದರು, ಒಂದು ಅಕ್ಷರ ಹೆಚ್ಚು ಮಾಡಿ, ಒಂದು ಕಡಿಮೆ ಮಾಡಿ. ಆಮೇಲೆ ಸುಮ್ಮನೆ ‘ಮತ್ತು ಸಂಗಡಿಗರು’ ಎಂದು ಹೊಡೆದರು. ಸಾವಿರದ ನೂರು ಹಾಡು ಬಂತು. ಇಳಿಸುತ್ತ ಹೋದರೆ ಪಟ್ಟಿ ಮುಗಿಯಲೇ ಇಲ್ಲ.

“ಇಷ್ಟೊಂದು ಹಾಡಿದೀವಾ ಅಂತ ಆಶ್ಚರ್ಯ ಆಯ್ತು ಟೀಚರ್,” ಎಂದರು ನನಗೆ. “ಹೇಳ್ಕೊಳಕ್ಕೆ ಪಕ್ಕದಲ್ಲಿ ಯಾರೂ ಇರ್ಲಿಲ್ಲ.”

ಎರಡು ವರ್ಷ ಹೀಗೇ ಹೋಯಿತು. ಗಂಗಮ್ಮನ ಕ್ಯಾಸೆಟ್ಟು ಅವರ ಕೈಗೆ ಬಂದದ್ದು 2015ರ ಆಗಸ್ಟಿನಲ್ಲಿ. ಬೇಕೆಂದೇ ಅದನ್ನು ಮುಂದೆ ಹಾಕುತ್ತ ಬಂದಿದ್ದರು. ಆ ದಿನ ಹುಡುಕುವ ಪಟ್ಟಿಯಲ್ಲಿ ಗಂಗಮ್ಮ ಎಂದು ಹೊಡೆದರೆ ಕ್ಯಾಸೆಟ್ಟಿನ ಎಂಟು ಹಾಡು ಬಂದವು. ಅವುಗಳ ಕೆಳಗೆ, ಯಾರೋ ಇಂಗ್ಲಿಷಿನಲ್ಲಿ ತಪ್ಪು ತಪ್ಪಾಗಿ ಹೆಸರಿಟ್ಟಿದ್ದ ಇನ್ನೆರಡು ಕಡತಗಳೂ ಬಂದವು: ‘ಗಂಗಮ ಟ್ರ್ಯಾಕ್ ಒಂದು’, ‘ಗಂಗಮ ಟ್ರ್ಯಾಕ್ ಎರಡು’. ಹಳೆಯ ಸ್ಪೂಲಿನಿಂದ ವಾಸು ಇಳಿಸಿದ್ದ ಕಚ್ಚಾ ರೆಕಾರ್ಡಿಂಗ್.

ಟ್ರ್ಯಾಕ್ ಎರಡು ಯಾಕಿದೆ ಎಂದು ಅವರಿಗೆ ಅರ್ಥವಾಗಲಿಲ್ಲ. ತಾವು ಹಾಡಿದ್ದು ಒಂದೇ ಸಲ. ಒಂದನ್ನು ತೆರೆದರು. ಮೊದಲ ಸಾಲಿನಲ್ಲೇ ತಮ್ಮ ದನಿ ಗುರುತು ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ ಎರಡನ್ನು ತೆರೆದರು. ದನಿ ತಮ್ಮದೇ ಹಾಗೆ ಇತ್ತು, ಎರಡನೆಯ ಚರಣದವರೆಗೆ. ಅಲ್ಲಿ ‘ಬಾಳಿಗೆ ಬೆಳಕು’ ಎಂಬ ಮಾತು ಬರುತ್ತದೆ. ಆ ‘ಳ’ ಎರಡು ಕಡೆಯೂ ಸ್ವಲ್ಪ ಮೆತ್ತಗೆ, ನಾಲಗೆ ಪೂರ್ತಿ ಮಡಚದ ಹಾಗೆ. ಮುಸರ್ರತ್.

ಅವರು ಕ್ಯಾಸೆಟ್ಟಿನಲ್ಲಿ ಬಂದ ಹಾಡನ್ನು ತೆರೆದು ಎರಡನೆಯ ಚರಣಕ್ಕೆ ಹೋದರು. ಅದೇ ಮೆತ್ತನೆಯ ‘ಳ’. ಬಸ್ಸಿನ ಸ್ಪೀಕರಿನಲ್ಲಿ, ಜಾತ್ರೆಯ ಹಾರ್ನಿನಲ್ಲಿ, ಸವೆದ ಟೇಪಿನಲ್ಲಿ, ಫೋನಿನ ಕಿರಿದಾದ ದನಿಯಲ್ಲಿ ಸಾವಿರ ಸಲ ಕೇಳಿದ್ದ ಹಾಡು. ಅಷ್ಟು ಸಲವೂ ಅದನ್ನು ಟೇಪಿನ ದೋಷವೆಂದುಕೊಂಡಿದ್ದರು.

ವಾಸು ಕ್ಯಾಸೆಟ್ಟಿನ ಹಾಡನ್ನೂ ಮುಸರ್ರತ್‌ಳ ಟ್ರ್ಯಾಕನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ತೋರಿಸಿದರು. ಉಸಿರು ಎಳೆಯುವ ಜಾಗವೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದಾಗುತ್ತಿತ್ತು.

“ನೀವು ಬಸ್ಸಿಗೆ ಹೋದ್ಮೇಲೆ ಇನ್ನೊಂದು ಟೇಕ್ ತಗೊಂಡ್ವಿ ಅನ್ಸುತ್ತೆ,” ಎಂದರು ವಾಸು. “ಯಾಕೆ ಅಂತ ನೆನಪಿಲ್ಲ ಕಣ್ರೀ. ಯಜಮಾನ್ರು ಹೇಳಿರ್ತಾರೆ. ಇಪ್ಪತ್ತು ವರ್ಷ ಆಯ್ತಲ್ಲ.”

“ನಂದು ಚೆನ್ನಾಗಿರ್ಲಿಲ್ವೇನೋ.”

“ನಂಗೆ ನೆನಪಿಲ್ಲ,” ಎಂದು ವಾಸು ಮತ್ತೆ ಹೇಳಿದರು.

ಆ ಸಂಜೆ ಅವರು ಬಸ್ಸಿಳಿದು ಮನೆಗೆ ಬರುವ ಬದಲು ಮುಂದಕ್ಕೆ ಹೆಬ್ಬಾಳದ ಕೆರೆಯವರೆಗೆ ನಡೆದುಹೋದರಂತೆ. ಕತ್ತಲಾಗುವ ಮುಂಚೆ ಹಿಂತಿರುಗಿದರು. ಗೇಟಿನ ಹತ್ತಿರ ನನಗೆ ಎದುರಾದರು. ಕಾಫಿ ಕುಡೀತೀರಾ ಎಂದು ನಾನು ಕೇಳಿದೆ. ಬೇಡವೆಂದರು. ಆದರೆ ಮೇಲೆ ಹೋಗದೆ ಮೆಟ್ಟಿಲ ಮೇಲೆ ಕೂತರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಬಾಯಿಬಿಟ್ಟು ಹೇಳಿಕೊಂಡದ್ದು ಅವತ್ತೇ.

“ಅವ್ರು ಕೊನೇಲಿ ಕೇಳಿದ್ದು ನನ್ನ ದನಿ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ ಟೀಚರ್. ಪಕ್ಕದಲ್ಲೇ ಕೂತಿದ್ದೆ. ಒಂದು ಸಾಲು ಹಾಡ್ಬೋದಿತ್ತು. ಫೋನಲ್ಲಿ ಇದೆಯಲ್ಲ ಅಂತ ಹಾಡ್ಲಿಲ್ಲ.”

ನಾನು ಅವರ ಪಕ್ಕ ಅದೇ ಮೆಟ್ಟಿಲ ಮೇಲೆ ಕೂತೆ.

ಮರುದಿನ ಬೆಳಗ್ಗೆ ಅವರು ಕೆಲಸಕ್ಕೆ ಹೋದರು. ಗಾಯಕರ ಖಾನೆಯಲ್ಲಿ ಮೇಡಮ್ ಹೆಸರು ಮೊದಲೇ ತುಂಬಿತ್ತು. ಅದನ್ನು ಅಳಿಸಿ ಮುಸರ್ರತ್ ಎಂದು ಬರೆಯಬೇಕೆಂದು ಶಿವರಾಮ್ ಅವರನ್ನು ಕೇಳಿದರು. ಶಿವರಾಮ್ ಕೆಟ್ಟ ಮನುಷ್ಯನಲ್ಲ. ಕೂತು ಆ ಎರಡನ್ನೂ, ಕ್ಯಾಸೆಟ್ಟಿನ ಹಾಡನ್ನೂ ಮುಸರ್ರತ್‌ಳ ಟ್ರ್ಯಾಕನ್ನೂ, ಕೇಳಿದರು.

“ನೀವು ಹೇಳೋದು ನಿಜ ಆಂಟಿ. ಆದ್ರೆ ಪೇಪರೆಲ್ಲ ಮೇಡಮ್ ಹೆಸರಲ್ಲಿದೆ. ಈಗ ಬದಲಾಯಿಸಿದ್ರೆ ಅವ್ರ ಮನೆಯವ್ರು ಬರ್ತಾರೆ, ಲಾಯರ್ ಬರ್ತಾರೆ. ಅಪ್ಪ ಮಾಡಿದ್ದನ್ನ ನಾನು ಬಿಚ್ಚಕ್ಕಾಗಲ್ಲ. ಬೇಕಿದ್ರೆ ಕೊನೇಲಿ ಷರಾ ಅಂತ ಖಾನೆ ಇದೆಯಲ್ಲ, ಅಲ್ಲಿ ಬರೀರಿ. ಅದು ಹೊರಗಿನವ್ರಿಗೆ ಕಾಣಲ್ಲ.”

ಷರಾದಲ್ಲಿ ಬರೆಯುವ ಮುಂಚೆ ಅವಳನ್ನು ಕೇಳಬೇಕು ಅನಿಸಿತು ಇವರಿಗೆ. ಆದರೆ ಮುಸರ್ರತ್ ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. 1997ರಲ್ಲಿ ಕೋರಸ್ ಬದಲು ಕೀಬೋರ್ಡ್ ಸಾಕು ಎಂದಾದ ಮೇಲೆ ನಾಲ್ವರೂ ನಾಲ್ಕು ಕಡೆ ಹೋಗಿದ್ದರು. ವಿಳಾಸವಿಲ್ಲ, ನಂಬರ್ ಇಲ್ಲ. ಆಗ ಅವರಿಗೆ ವಿಡಿಯೋಗಳ ನೆನಪಾಯಿತು. ಕಂಪನಿಯ ಲೈಬ್ರರಿಯಲ್ಲಿ ಹಾಡಿನ ಚಿತ್ರೀಕರಣ, ಉದ್ಘಾಟನೆ, ಸನ್ಮಾನ ಎಂದು ಅರವತ್ತಕ್ಕೂ ಹೆಚ್ಚು ಗಂಟೆಯ ವಿಡಿಯೋ ಬಿದ್ದಿತ್ತು. ಯಾವುದಕ್ಕೂ ಸರಿಯಾದ ಹೆಸರಿಲ್ಲ, ಬರೀ ತಾರೀಖು. ಹುಡುಕುವ ಪಟ್ಟಿಯಿಂದ ಉಪಯೋಗವಿರಲಿಲ್ಲ. ಕಣ್ಣಿಂದ ನೋಡಿಯೇ ಹುಡುಕಬೇಕು.

ದಿನದ ಕೆಲಸ ಮುಗಿಸಿ ಐದರಿಂದ ಆರು ಗಂಟೆಯವರೆಗೆ ನೋಡತೊಡಗಿದರು. ಹೆಸರಘಟ್ಟದ ಬಯಲಲ್ಲಿ ಕುಣಿಯುವ ಹುಡುಗಿಯರು, ಶಾಲು ಹೊದಿಸಿಕೊಳ್ಳುವ ಹಿರಿಯರು, ಕ್ಯಾಮೆರಾ ಆಫ್ ಮಾಡಲು ಮರೆತು ಹತ್ತು ನಿಮಿಷ ತೆಗೆದ ಚಪ್ಪಲಿಗಳ ರಾಶಿ. ಸತ್ತುಹೋದ ಎಷ್ಟೋ ಜನ ಅದರಲ್ಲಿ ನಗುತ್ತ ಓಡಾಡುತ್ತಿದ್ದರು. ಒಂದು ಕಡೆ ಸ್ವತಃ ತಾವೇ ಕಂಡರು. ನೀಲಿ ಸೀರೆ, ಜಡೆಗೆ ಎರಡು ಪಿನ್ನು, ಯಾರದೋ ಮಾತಿಗೆ ನಗು. ಏನಕ್ಕೆ ನಕ್ಕಿದ್ದೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹದಿನೇಳನೆಯ ಸಂಜೆ ಮುಸರ್ರತ್ ಸಿಕ್ಕಳು. 1996ರ ಯಾವುದೋ ಬೆಳ್ಳಿಹಬ್ಬದ ಊಟದ ಪಂಕ್ತಿ. ಕ್ಯಾಮೆರಾದವನು ಒಬ್ಬೊಬ್ಬರನ್ನೇ ಏನಾದರೂ ಹೇಳಿ ಎನ್ನುತ್ತಿದ್ದ. ಅವಳು ಎಲೆಯಿಂದ ತಲೆ ಎತ್ತಿ, ಸೆರಗು ಸರಿಮಾಡಿಕೊಂಡು, “ಏನ್ ಹೇಳ್ಲಿ? ಬ್ಲೌಸ್ ಹೊಲಿಸ್ಬೇಕಾದ್ರೆ ಸುಲ್ತಾನ್‌ಪಾಳ್ಯಕ್ಕೆ ಬನ್ನಿ, ಹಳೇ ಸಾಮಿಲ್ ಹಿಂದೆ. ಸಂಗಡಿಗರಿಗೆ ಅರ್ಧ ಕೂಲಿ,” ಎಂದು ನಕ್ಕಳು.

ಸುಲ್ತಾನ್‌ಪಾಳ್ಯ ನಮ್ಮ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ.

ಭಾನುವಾರ ಅವರು ಹೊರಟರು. ವಾಸು ಟ್ರ್ಯಾಕ್ ಎರಡನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದರು. ಸಾಮಿಲ್ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಹಿಂದಿನ ಓಣಿಯಲ್ಲಿ ಮೂರು ಕಡೆ ಕೇಳಿದ ಮೇಲೆ ಒಬ್ಬ ಹೆಂಗಸು ಹಸಿರು ಬಾಗಿಲ ಮನೆ ತೋರಿಸಿದಳು. ಬಾಗಿಲು ತೆಗೆದವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕುತ್ತಿಗೆಯಲ್ಲಿ ಅಳತೆ ಟೇಪು.

“ಯಾರು ಬೇಕು?”

“ನಾನು ಕಣೇ. ಶಶಿ.”

ಮುಸರ್ರತ್ ಒಂದು ನಿಮಿಷ ನೋಡಿದಳು. ಆಮೇಲೆ ಕೈ ಹಿಡಿದು ಒಳಗೆ ಎಳೆದುಕೊಂಡಳು. ಗಂಡ ಸೌದಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಮಗಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಹಾಡು ಬಿಟ್ಟು ಹದಿನೆಂಟು ವರ್ಷ. ಇದನ್ನೆಲ್ಲ ಹೇಳುತ್ತಲೇ ಚಹಾ ಮಾಡಿದಳು. ಶಶಿರೇಖಾ ಹೆಚ್ಚು ವಿವರಿಸದೆ ಇಯರ್‌ಫೋನನ್ನು ಅವಳ ಕಿವಿಗೆ ಇಟ್ಟರು.

ಎರಡನೆಯ ಚರಣ ಬರುವವರೆಗೂ ಮುಸರ್ರತ್ ಕೇಳಿದಳು. ಆಮೇಲೆ ಇಯರ್‌ಫೋನ್ ತೆಗೆದಳು.

“ಇದು ನಾನು. ಅವತ್ತು ನೀನು ಹೋದ್ಮೇಲೆ ಯಜಮಾನ್ರು ಇನ್ನೊಂದ್ಸಲ ಹಾಡು ಅಂದ್ರು, ಹಾಡಿದ್ದೆ. ಇದು ಎಲ್ಲಿ ಸಿಕ್ತು ನಿಂಗೆ?”

“ಕ್ಯಾಸೆಟ್‌ನಲ್ಲಿ ಬಂದಿದ್ದು ಇದೇ ಮುಸರ್ರತ್. ನಂದಲ್ಲ.”

“ಸುಳ್ಳು. ಅದು ನಿಂದು.”

“ಬಾಳಿಗೆ ಬೆಳಕು ಅನ್ನೋದನ್ನ ಇನ್ನೊಂದ್ಸಲ ಕೇಳು.”

ಕೇಳಿದಳು. ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

“ನಾನು ಎಲ್ರಿಗೂ ಹೇಳ್ಕೊಂಡು ಬಂದೆ,” ಎಂದಳು. “ಆ ಹಾಡು ಹಾಡಿದ್ದು ನನ್ ದೋಸ್ತ್ ಶಶಿ ಅಂತ. ನನ್ ಮಗಳಿಗೆ ಚಿಕ್ಕೋಳಿದ್ದಾಗಿಂದ ಹೇಳಿದೀನಿ. ಬಸ್ಸಲ್ಲಿ ಬಂದ್ರೆ ಅವ್ಳೂ ಹೇಳ್ತಿದ್ಲು, ಅಮ್ಮೀ, ಶಶಿ ಆಂಟಿ ಹಾಡು ಅಂತ.”

ಶಶಿರೇಖಾ ಅಲ್ಲಿ ಅತ್ತರಂತೆ. ಮುಸರ್ರತ್ ಅಳಲಿಲ್ಲ. ಚಹಾ ಆರಿತೆಂದು ಮತ್ತೆ ಬಿಸಿ ಮಾಡಿದಳು. ಷರಾದಲ್ಲಿ ಹೆಸರು ಬರೆಯಲೇ ಎಂದು ಇವರು ಕೇಳಿದ್ದಕ್ಕೆ, “ಈಗ ಹೆಸರು ತಗೊಂಡು ಏನ್ ಮಾಡ್ಲಿ? ನಿನ್ನಿಷ್ಟ. ಹೊರಗೆ ಮಾತ್ರ ಬೇಡ, ಯಾರ್ ಏನ್ ಅಂತಾರೋ,” ಎಂದಳು. ಹೊರಡುವಾಗ ಬಾಗಿಲಲ್ಲಿ ಕೇಳಿದಳು:

“ನಿಂದೆಲ್ಲಿ? ನೀನು ಹಾಡಿದ್ದು? ಅದನ್ನ ತರ್ಲಿಲ್ವಾ?”

ಅದನ್ನು ತರಬೇಕೆಂದು ಇವರಿಗೆ ಹೊಳೆದೇ ಇರಲಿಲ್ಲ. ಮೊದಲ ಸಾಲಿನ ಆಚೆ ಅದನ್ನು ಕೇಳಿಯೂ ಇರಲಿಲ್ಲ. ಬೇಡವೆಂದು ಬಿಟ್ಟದ್ದು ಚೆನ್ನಾಗಿ ಇರುವುದಾದರೂ ಹೇಗೆ ಎಂದು ಮನಸ್ಸು ಹಿಂದೇಟು ಹಾಕಿತ್ತು. ಸೋಮವಾರ ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕ್ ಒಂದನ್ನು ಪೂರ್ತಿ ಕೇಳಿದರು. ಮೂವತ್ತಮೂರು ವರ್ಷದ ಹೆಂಗಸೊಬ್ಬಳು ಹೆದರಿಕೆಯಿಲ್ಲದೆ ಹಾಡುತ್ತಿದ್ದಳು. ಎಲ್ಲೂ ತಪ್ಪಿರಲಿಲ್ಲ. ಕೊನೆಯ ಚರಣದಲ್ಲಿ, ‘ನೀನಮ್ಮ’ ಎಂದು ದನಿ ಎತ್ತುವ ಜಾಗದಲ್ಲಿ, ಉದ್ದಕ್ಕೂ ರೈಲಿನ ಸೀಟಿ. ಯಶವಂತಪುರ ಸ್ಟೇಷನ್ನಿನಿಂದ ಹೊರಟ ಯಾವುದೋ ಗಾಡಿ. ಅವರು ವಾಸುವನ್ನು ಕರೆದು ಕೇಳಿಸಿದರು.

“ಓ, ಇದಕ್ಕೇ,” ಎಂದರು ವಾಸು. “ಗಾಡಿ ಸದ್ದು ಬಂದ್ಬಿಟ್ಟಿದೆ. ಅದಕ್ಕೇ ಇನ್ನೊಂದು ತಗೊಂಡಿರೋದು. ಆಗ ಇದನ್ನ ತೆಗೆಯೋ ಉಪಾಯ ಇರ್ಲಿಲ್ಲ ನಮ್ಹತ್ರ. ಈಗಾದ್ರೆ ಎರಡು ನಿಮಿಷದ ಕೆಲಸ. ತೆಗೆದುಕೊಡ್ಲಾ?”

“ಬೇಡ ಬಿಡಿ,” ಎಂದರು ಶಶಿರೇಖಾ. ಹಾಗೆಯೇ ಫೋನಿಗೆ ಹಾಕಿಸಿಕೊಂಡರು. ಷರಾ ಖಾನೆಯಲ್ಲಿ, ಬಿಡುಗಡೆಯಾದ ಹಾಡಿನ ಮುಂದೆ ‘ದನಿ: ಮುಸರ್ರತ್’ ಎಂದು ಬರೆದರು. ಆಮೇಲಿನ ತಿಂಗಳುಗಳಲ್ಲಿ, ಯಾರೂ ಹೇಳದಿದ್ದರೂ, ಆ ಸಾವಿರದ ನೂರು ಹಾಡುಗಳ ಷರಾದಲ್ಲೂ ಕೋರಸ್‌ನ ನಾಲ್ವರ ಹೆಸರನ್ನು ಒಂದೊಂದಾಗಿ ತುಂಬಿಸಿದರು. ಯಾವ ಹಾಡಿನಲ್ಲಿ ಯಾರು ಬಂದಿರಲಿಲ್ಲ ಎಂಬುದನ್ನೂ ಕೇಳಿ ಗುರುತಿಸಿ ಬಿಟ್ಟುಬಿಡುತ್ತಿದ್ದರು. ಅದಕ್ಕೆ ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಕಾಲದಲ್ಲಿ ಅವರು ಸುಲ್ತಾನ್‌ಪಾಳ್ಯಕ್ಕೆ ಹೋಗಿಬರುತ್ತಿದ್ದರು. ಭಾನುವಾರ ಮಧ್ಯಾಹ್ನ ಡಬ್ಬಿಯಲ್ಲಿ ಏನಾದರೂ ಹಾಕಿಕೊಂಡು ನಮ್ಮ ಗೇಟು ದಾಟುವಾಗ ಅವರ ನಡಿಗೆಯೇ ಬೇರೆಯಿರುತ್ತಿತ್ತು. ಅಲ್ಲಿ ಹಾಡುತ್ತೀರಾ ಎಂದು ಕೇಳಿದೆ. ಇಲ್ಲ, ಗುಂಡಿ ಹಾಕಿಕೊಡ್ತೀನಿ, ಅವಳು ಹೊಲೀತಾಳೆ ಎಂದರು.

2017ರಲ್ಲಿ ಶಿವರಾಮ್ ಇಡೀ ಲೈಬ್ರರಿಯನ್ನು ಹೊರರಾಜ್ಯದ ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ಹಾರ್ಡ್ ಡಿಸ್ಕುಗಳನ್ನು ಥರ್ಮೊಕೋಲಿನಲ್ಲಿಟ್ಟು ಪೆಟ್ಟಿಗೆ ಕಟ್ಟಿ ಕಳಿಸಿದರು. ಕೊನೆಯ ದಿನ ಶಶಿರೇಖಾ ಷರಾ ಖಾನೆಯೂ ಹೋಗುತ್ತದೆಯೇ ಎಂದು ವಿಚಾರಿಸಿದರು. ಕೊಂಡ ಕಂಪನಿಯವರು ಕೇಳಿದಷ್ಟು ಖಾನೆ ಮಾತ್ರ ಹೋಗುತ್ತದೆ, ಷರಾ ಕೇಳಿದ್ದಾರೋ ಇಲ್ಲವೋ ನೋಡಬೇಕು ಎಂದರು ಶಿವರಾಮ್. ನೋಡಿದರೋ ಇಲ್ಲವೋ ಇವರಿಗೆ ತಿಳಿಯಲಿಲ್ಲ. ಇಂಟರ್‌ನೆಟ್ಟಿನಲ್ಲಿ ಆ ಹಾಡು ಇವತ್ತಿಗೂ ಮೇಡಮ್ ಹೆಸರಿನಲ್ಲಿಯೇ ಇದೆ. ನಾನೇ ನೋಡಿದ್ದೇನೆ.

ಮರುವರ್ಷ ಮುಸರ್ರತ್‌ಳ ಮಗಳಿಗೆ ಮದುವೆಯಾಗಿ, ಅಳಿಯನ ಊರು ಶಿಡ್ಲಘಟ್ಟಕ್ಕೆ ತಾಯಿಯನ್ನೂ ಕರೆದುಕೊಂಡು ಹೋದರು. ಮೊದಮೊದಲು ವಾರಕ್ಕೊಮ್ಮೆ ಫೋನ್ ಬರುತ್ತಿತ್ತು, ಆಮೇಲೆ ಹಬ್ಬಕ್ಕೆ. ಶಶಿರೇಖಾ ಎರಡು ಸಲ ಹೋಗಿಬಂದರು. ಮೂರನೆಯ ಸಲ ಮಂಡಿನೋವೆಂದು ನಿಂತುಬಿಟ್ಟರು.

ಕೆಲಸವಿಲ್ಲದ ಆ ದಿನಗಳಲ್ಲಿ ಅವರು ದಿನಗಟ್ಟಲೆ ಮಾತಾಡದೆ ಇರುತ್ತಿದ್ದದ್ದು ನನಗೆ ಗೊತ್ತು. ಒಮ್ಮೆ ಗ್ಯಾಸ್ ಸಿಲಿಂಡರಿನವನಿಗೆ ಉತ್ತರ ಕೊಡಲು ಹೋಗಿ ದನಿಯೇ ಹೊರಡದೆ ಕೆಮ್ಮಿದರು. ನಾನು ಸಂಜೆ ಹೊತ್ತು ಒಂದಷ್ಟು ಮಾತಾಡಿಸಿ ಬರುತ್ತಿದ್ದೆ. ಶಾಲೆ, ಪರೀಕ್ಷೆ, ಮನೆ ಎಂದು ಅದೂ ತಪ್ಪುತ್ತಿತ್ತು.

2019ರ ಕಾರ್ತಿಕದ ಒಂದು ಬೆಳಗ್ಗೆ, ಶಾಲೆಗೆ ರಜೆಯಿತ್ತು, ಮೇಲಿನಿಂದ ಹಾಡು ಕೇಳಿಸಿತು. ಯಾವುದೋ ಶಿವನ ಹಾಡು, ನನಗೆ ಗೊತ್ತಿಲ್ಲದ್ದು. ಮೆಲ್ಲಗಿದ್ದರೂ ಶ್ರುತಿ ಬಿಟ್ಟಿರಲಿಲ್ಲ. ಎರಡು ಸಾಲು ಹಾಡಿ ನಿಲ್ಲುತ್ತಿತ್ತು. ಒಂದಷ್ಟು ಹೊತ್ತು ಏನೂ ಇಲ್ಲ. ಮತ್ತೆ ಎರಡು ಸಾಲು. ಮತ್ತೆ ಮೌನ. ಫೋನಿನಲ್ಲಿ ಯಾರ ಜೊತೆಗೋ ಹಾಡುತ್ತಿರಬೇಕು, ಶಿಡ್ಲಘಟ್ಟದಿಂದ ಮುಸರ್ರತ್ ಇರಬೇಕು ಎಂದುಕೊಂಡು ನಾನು ಖುಷಿಯಿಂದ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಅವರು ನೆಲದ ಮೇಲೆ ಕೂತು ಹೀರೆಕಾಯಿ ಹೆರೆಯುತ್ತಿದ್ದರು. ಫೋನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಇತ್ತು.

“ಯಾರ ಜೊತೆ ಹಾಡ್ತಿದ್ರಿ ಶಶಿಯಮ್ಮ? ಮಧ್ಯೆ ಮಧ್ಯೆ ನಿಲ್ಲಿಸ್ತಿದ್ರಲ್ಲ,” ಎಂದು ಕೇಳಿದೆ.

“ಯಾರೂ ಇಲ್ಲ ಟೀಚರ್,” ಎಂದರು ಅವರು, ಹೀರೆಕಾಯಿ ತಿರುಗಿಸುತ್ತ. “ಮಧ್ಯದ್ದು ನಮ್ಮ ಭಾಗ ಅಲ್ಲ.”